ನೀರು ಬರುವ ರಾತ್ರಿ

ಮೊನ್ನೆ ರವಿವಾರ ರಾತ್ರಿ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಸಣ್ಣ ಕಾಕಾ ಒಂದು ಫಾರ್ವರ್ಡ್ ಹಾಕಿದರು. "ದಿನಾ 8 ತಾಸು ಮಲಗಿ, ಒಂದೇ ತಿಂಗಳಲ್ಲಿ 6 ಕಿಲೋ ಇಳಿಸಿ. ಪಥ್ಯ ಬೇಡ, ವ್ಯಾಯಾಮ ಬೇಡ. ಹತ್ತು ಮಂದಿಗೆ ಕಳಿಸಿ." ಕೆಳಗೆ ತಮ್ಮದೂ ಒಂದು ಮಾತು ಸೇರಿಸಿದ್ದರು: "ನಾನು ಮಧ್ಯಾಹ್ನ ಮಲಗಿದರೆ ಎಲ್ಲರೂ ಬೈಯುತ್ತೀರಲ್ಲ, ಈಗ ಓದಿ."

ಮೊದಲು ಬಂದವನು ನಮ್ಮ ಅಣ್ಣ. "ಕಾಕಾ, ಇದನ್ನು ಹೇಳಿದ್ದು ಯಾರು? ಯಾವ ಡಾಕ್ಟರು? ಎಲ್ಲಿ ಬಂದಿದೆ?" ಉತ್ತರ ಬರುವ ಮೊದಲೇ ಇನ್ನೊಂದು ಹಾಕಿದ: "ಹೋದ ವರ್ಷ ಹಾಗಲಕಾಯಿ ರಸ ಕುಡಿದರೆ ಶುಗರ್ ಮಾತ್ರೆ ಬಿಡಬಹುದು ಅಂತ ಕಳಿಸಿದವರೂ ನೀವೇ."

ಕಾಕಾಗೆ ಅದು ಚುಚ್ಚಿತು. "ಅದನ್ನು ಕಳಿಸಿದ್ದು ನಾನಲ್ಲ. ಗದಗಿನ ಮಾವ. ನಾನು ಸುಮ್ನೆ ಕೈ ಮುಗಿದಿದ್ದೆ ಅಷ್ಟೇ." ಮಾವ ಎಲ್ಲಿದ್ದರೋ, ಕೂಡಲೇ ಹಳೆಯ ಸ್ಕ್ರೀನ್‌ಶಾಟ್ ಹುಡುಕಿ ಹಾಕಿದರು. ಮುಂದಿನ ಹದಿನೈದು ಮೆಸೇಜ್ ಹಾಗಲಕಾಯಿಯದೇ. ನಿದ್ದೆಯ ಮಾತು ಯಾರಿಗೂ ನೆನಪಿರಲಿಲ್ಲ.

ಆಗ ದೊಡ್ಡಪ್ಪ ಬಂದರು. "ನಾವು ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಗ್ಗೆ ನಾಲ್ಕೂವರೆಗೆ ಏಳುತ್ತಿದ್ದೆವು. ಮೊಬೈಲೂ ಇರಲಿಲ್ಲ, ಬೊಜ್ಜೂ ಇರಲಿಲ್ಲ. ನಿಮಗೆ ಶಿಸ್ತು ಇಲ್ಲ." ಎಲ್ಲರೂ ಕೈ ಮುಗಿದರು. ಲೆಕ್ಕ ಹಾಕಿ ನೋಡಿ, ಅದು ಏಳೂವರೆ ತಾಸು ಆಗುತ್ತದೆ. ದೊಡ್ಡವರಿಗೆ ದಿನಕ್ಕೆ 7 ತಾಸಾದರೂ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರು 2015ರಲ್ಲಿ ಹೇಳಿದ್ದೂ ಅದನ್ನೇ. ದೊಡ್ಡಪ್ಪ ಬೈಯುತ್ತಾ ಬೈಯುತ್ತಾ ಸರಿಯಾದ ಮಾತನ್ನೇ ಆಡಿದ್ದರು. ನಾವು ಬೈಗುಳವನ್ನಷ್ಟೇ ಓದಿದೆವು.

ಅತ್ತಿಯ ಮಗ ಎಂದಿನಂತೆ ಹಳೇ ನೆನಪು ತೆಗೆದ. "ಬೇಸಿಗೆಯಲ್ಲಿ ಮಾಳಿಗೆಗೆ ನೀರು ಚಿಮುಕಿಸಿ ಸಾಲಾಗಿ ಮಲಗುತ್ತಿದ್ದೆವಲ್ಲ? ಆಯಿ ಹೊಲಿದ ಕೌದಿ, ಅವಳ ಹಳೇ ಇಳಕಲ್ ಸೀರೆಯ ತುಂಡು ಹಚ್ಚಿದ್ದು. ಎಂಥ ನಿದ್ದೆ ಅದು!" ನನಗೂ ಗಂಟಲು ಕಟ್ಟಿತು. ಆದರೆ ಅವನು ಅಲ್ಲಿಗೆ ಬಿಡಲಿಲ್ಲ. "ಆ ಕೌದಿ ಈಗ ಯಾರ ಮನೆಯಲ್ಲಿದೆ?" ಅಂತ ಕೇಳಿಬಿಟ್ಟ. ಅತ್ತಿ ಬರೆದರು: "ಆಸ್ತಿಯ ವಾಟಣಿ ಆದಾಗ ನನ್ನನ್ನು ಯಾರು ಕೇಳಿದರು?" ಇಪ್ಪತ್ತು ವರ್ಷದ ಹಿಂದಿನ ಮಾತು ಅದು. ಮತ್ತೆ ಅರ್ಧ ತಾಸು ಹೋಯಿತು.

ನಡುವೆ ಕಾಕಾನ ಹೆಂಡತಿ, ನಮ್ಮ ಕಾಕು, ಒಂದೇ ಸಾಲು ಬರೆದರು: "ಇವರು ಎಷ್ಟು ಮಲಗಿದರೂ ಅಷ್ಟೇ. ರಾತ್ರಿಯೆಲ್ಲ ಗೊರಕೆ. ನಡುನಡುವೆ ಉಸಿರೇ ನಿಂತ ಹಾಗಾಗುತ್ತದೆ." ಅದಕ್ಕೆ ನಗುವ ಮುಖಗಳು ಬಿದ್ದವು. ನನಗೆ ನಗು ಬರಲಿಲ್ಲ. ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುವುದು ಸ್ಲೀಪ್ ಆಪ್ನಿಯಾ ಇರಬಹುದು. ತೂಕ ಜಾಸ್ತಿಯಾದಾಗ ಕತ್ತಿನ ಸುತ್ತ ಕೊಬ್ಬು ಸೇರುತ್ತದೆ, ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತದೆ. ಮತ್ತೆ ಮತ್ತೆ ಎಚ್ಚರವಾಗುತ್ತದೆ, ಅದು ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಮಧ್ಯಾಹ್ನ ಕಾಕಾಗೆ ಕಣ್ಣು ಎಳೆಯುವುದು ಸೋಮಾರಿತನದಿಂದ ಅಲ್ಲ, ಇದರಿಂದಲೇ ಇರಬೇಕು. ಕಾಕುಗೆ ಬೇರೆಯಾಗಿ ಬರೆದೆ: ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ, ನಿದ್ದೆಯ ಪರೀಕ್ಷೆ ಇದೆ, ಬಿ.ಪಿ.ಯನ್ನೂ ನೋಡಿಸಿ.

ಇಷ್ಟರಲ್ಲಿ ಅತ್ತಿ ಅಣ್ಣನ ಹೆಂಡತಿ, ನಮ್ಮ ವೈನಿಯ ಹೆಸರು ಎಳೆದರು. "ಅವಳೂ ಇದನ್ನು ಓದಲಿ. ಮನೆ ಶಾಂತಿಯಲ್ಲಿ ನೋಡಿದೆನಲ್ಲ, ಎಷ್ಟು ದಪ್ಪಾಗಿದ್ದಾಳೆ." ಮನೆ ಶಾಂತಿಯಲ್ಲೂ ಪಂಕ್ತಿಯ ನಡುವೆ ಇದೇ ಮಾತು ಆಡಿದ್ದರು. ವೈನಿ ಅವತ್ತು ಹೋಳಿಗೆ ಬಡಿಸುವುದನ್ನು ಅರ್ಧಕ್ಕೆ ಬಿಟ್ಟು ಒಳಗೆ ಹೋಗಿದ್ದರು. ಈಗಲೂ ಗುಂಪಿನಲ್ಲಿ ಏನೂ ಬರೆಯಲಿಲ್ಲ.

ನನಗೆ ಸಿಟ್ಟು ಬಂತು. ಉದ್ದಕ್ಕೆ ಬರೆದೆ.

"ಅಣ್ಣಾ, ಯಾರು ಹೇಳಿದ್ದು ಅಂತ ಕೇಳಿದೆಯಲ್ಲ, ಕೇಳು. ತಿಂಗಳಿಗೆ 6 ಕಿಲೋ ಅನ್ನುವುದು ಸುಳ್ಳು. ಆದರೆ ನಿದ್ದೆಗೂ ಹಸಿವಿಗೂ ನಂಟು ಇರುವುದು ಸುಳ್ಳಲ್ಲ. 2004ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ಬರೀ 4 ತಾಸು ಮಲಗಲು ಬಿಟ್ಟರು, ಇನ್ನೊಮ್ಮೆ ಎರಡು ರಾತ್ರಿ 10 ತಾಸು. ನಿದ್ದೆಗೆಟ್ಟಾಗ 'ಹೊಟ್ಟೆ ತುಂಬಿತು' ಅಂತ ಮೆದುಳಿಗೆ ಹೇಳುವ ಲೆಪ್ಟಿನ್ 18% ಇಳಿಯಿತು, ಹಸಿವು ಹುಟ್ಟಿಸುವ ಗ್ರೆಲಿನ್ 28% ಏರಿತು. ಬಯಕೆಯಾಗಿದ್ದು ಸಿಹಿ, ಉಪ್ಪಿನ ತಿಂಡಿಗಳು. ನಾವಾದರೆ ಮಿರ್ಚಿ, ಫೇಡೆ ಅಂತೀವಿ, ಅಷ್ಟೇ.

ಅದೇ ಊರಿನವರು 2010ರಲ್ಲಿ ಪಥ್ಯ ಮಾಡುವವರನ್ನು ನೋಡಿದರು. ಊಟ ಒಂದೇ, ತೂಕ ಇಳಿದದ್ದೂ ಸುಮಾರು ಒಂದೇ. ಆದರೆ ಐದೂವರೆ ತಾಸು ಮಲಗಿದಾಗ ಕರಗಿದ ಕೊಬ್ಬು, ಎಂಟೂವರೆ ತಾಸು ಮಲಗಿದಾಗ ಕರಗಿದ್ದರ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕೊಬ್ಬಲ್ಲದ ಭಾಗ, ಮಾಂಸಖಂಡದಂಥದ್ದು. 2022ರಲ್ಲಿ ಕಡಿಮೆ ಮಲಗುವ, ತೂಕ ಜಾಸ್ತಿ ಇರುವ 80 ಮಂದಿಯ ಮೇಲೆ ಎರಡು ವಾರದ ಪ್ರಯೋಗ ಆಯಿತು. ಅವರಲ್ಲಿ ಕೆಲವರಿಗೆ ದಿನಕ್ಕೆ ಸುಮಾರು 1.2 ತಾಸು ಹೆಚ್ಚು ನಿದ್ದೆ ಸಿಕ್ಕಿತು. ಊಟದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಅವರು ಉಳಿದವರಿಗಿಂತ ದಿನಕ್ಕೆ 270 ಕ್ಯಾಲೊರಿ ಕಡಿಮೆ ತಿಂದರು.

ಅತ್ತಿ, ನೀವೂ ಕೇಳಿ. ವೈನಿ ಮಲಗುವುದು ರಾತ್ರಿ ಹನ್ನೆರಡಕ್ಕೆ. ಐದಕ್ಕೆ ಎದ್ದು ರೊಟ್ಟಿ ಬಡಿಯುತ್ತಾರೆ, ಡಬ್ಬಿ ಕಟ್ಟುತ್ತಾರೆ. ನಳಕ್ಕೆ ನೀರು ಬರುವ ರಾತ್ರಿ ಅಷ್ಟೂ ಇಲ್ಲ. ನಿಮ್ಮ ಓಣಿಗೆ 24 ತಾಸು ನೀರು ಬರುತ್ತದೆ, ಅಣ್ಣನ ಓಣಿಗೆ ವಾರಕ್ಕೊಮ್ಮೆ, ಅದೂ ರಾತ್ರಿ ಒಂದಕ್ಕೋ ಮೂರಕ್ಕೋ. ತವರಿಗೆ ಹೋದಾಗೆಲ್ಲ ನಾನು ನೋಡಿದ್ದೇನೆ, ಏಳುವುದು ಅವರೊಬ್ಬರೇ."

ಅತ್ತಿ ಓದಿದರೋ ಇಲ್ಲವೋ. "ದೊಡ್ಡವರಿಗೆ ಹೀಗೆ ಬರೆಯಬಾರದು" ಅಂತ ದೊಡ್ಡಪ್ಪ ಹೇಳಿದರು. ಮಾವ ಹೆಬ್ಬೆರಳು ಹಾಕಿದರು. ಅಣ್ಣ ಮಾತ್ರ, "80 ಮಂದಿಯದ್ದರ ಲಿಂಕ್ ಕಳಿಸು ತಂಗಿ" ಅಂದ. ಕಳಿಸಿದೆ.

ಹನ್ನೊಂದೂವರೆಗೆ ವೈನಿಯ ಮೆಸೇಜ್ ಬಂತು. ನೆನಪಿದ್ದಂತೆ, ಆ ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟು ಅವರು ಬರೆದದ್ದು ಅದೇ ಮೊದಲು. "ತಂಗಿ, ಎಲ್ಲಾ ಓದಿದೆ. ನಾಳೆ ರಾತ್ರಿ ನಮ್ಮ ಓಣಿಗೆ ನೀರಿನ ಪಾಳಿ. ಯಾರಾದರೂ ಎದ್ದು ಟಾಕಿ ತುಂಬಿಸಿದರೆ ನಾನು ಮಲಗುತ್ತೇನೆ."

ಅದಕ್ಕೆ ಯಾರೂ ಏನೂ ಬರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತಿಯ ಮಗ ಕೌದಿಯ ಫೋಟೋ ಹಾಕಿದ, ಎಲ್ಲರೂ ಅತ್ತ ಹೋದರು.

ಮರುದಿನ ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ನನ್ನ ಫೋನ್ ಬಾರಿಸಿತು. ಅಣ್ಣ. ದನಿ ತಗ್ಗಿಸಿ ಮಾತಾಡುತ್ತಿದ್ದ.

"ಮೋಟರ್ ಹಚ್ಚುವ ಮೊದಲು ಯಾವ ವಾಲ್ ತಿರುಗಿಸಬೇಕು, ನಿನಗೇನಾದರೂ ಗೊತ್ತಾ? ಅವಳು ಮಲಗಿದ್ದಾಳೆ, ಎಬ್ಬಿಸುವುದಿಲ್ಲ."

"ಮೆಟ್ಟಿಲ ಕೆಳಗಿನ ಕೆಂಪು ಹಿಡಿಕೆಯದು" ಅಂದೆ.