ಅಮೆರಿಕದ ಹುಡುಗರಿಗೆ ಅಷ್ಟಗಲದ ಲೇಸ್ ಕಾಲರ್ ಬಂದದ್ದು ಎಲ್ಲಿಂದ?

ವಸ್ತ್ರಾಸಕ್ತ:
1890ರ ಆಸುಪಾಸಿನಲ್ಲಿ ಅಮೆರಿಕದ ಸ್ಟುಡಿಯೋಗಳಲ್ಲಿ ತೆಗೆಸಿದ ಮಕ್ಕಳ ಛಾಯಾಚಿತ್ರಗಳನ್ನು ನೋಡುತ್ತಿದ್ದೇನೆ. ಐದಾರು ವರ್ಷದ ಹುಡುಗರು ಕಪ್ಪು ಮಖಮಲ್ಲಿನ ಕೋಟು, ಮೊಣಕಾಲಿಗೆ ನಿಲ್ಲುವ ಚಲ್ಲಣ ತೊಟ್ಟು, ಭುಜದವರೆಗೂ ಹರಡಿದ ಬಿಳಿ ಲೇಸ್ ಕಾಲರ್ ಹಾಕಿಕೊಂಡು ನಿಂತಿರುತ್ತಾರೆ. ‘ಲಿಟಲ್ ಲಾರ್ಡ್ ಫಾಂಟ್ಲರಾಯ್’ ಕಾದಂಬರಿಯ ಬಾಲನಾಯಕ ಇದೇ ವೇಷದವನು, ಆ ಕಾದಂಬರಿಯಿಂದಲೇ ಈ ಫ್ಯಾಷನ್ ಹುಟ್ಟಿತೆನ್ನುತ್ತಾರೆ. ಒಂದು ಕಥೆಗೆ ಅಷ್ಟು ಶಕ್ತಿಯಿತ್ತೇ? ಅಷ್ಟು ದೊಡ್ಡ ಲೇಸನ್ನು ಸಾಧಾರಣ ಕುಟುಂಬಗಳು ಹೇಗೆ ಕೊಂಡವು?

ಹಳೆಪಟ:
ಹುಟ್ಟಿತು ಎನ್ನುವುದಕ್ಕಿಂತ ಹಬ್ಬಿತು ಎನ್ನುವುದು ಸರಿ. ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಅವರ ಆ ಕಥೆ 1885ರ ನವೆಂಬರ್‌ನಿಂದ ‘ಸೇಂಟ್ ನಿಕೊಲಸ್’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1886ರಲ್ಲಿ ಪುಸ್ತಕವಾಯಿತು. ಆದರೆ ಮಖಮಲ್ಲು ಮತ್ತು ಲೇಸಿನ ಜೋಡಿ ಹದಿನೇಳನೆಯ ಶತಮಾನದ್ದು. ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್ ದೊರೆಯ ಆಸ್ಥಾನದವರನ್ನು ವ್ಯಾನ್ ಡೈಕ್ ಚಿತ್ರಿಸಿದ್ದು ಇಂಥ ಕಾಲರುಗಳಲ್ಲೇ. 1770ರ ಸುಮಾರಿಗೆ ಗೇನ್ಸ್‌ಬರೋ ಬರೆದ ‘ಬ್ಲೂ ಬಾಯ್’ ಚಿತ್ರದ ಹುಡುಗ ಕೂಡ ಅದೇ ಹಳೆಯ ವೇಷದಲ್ಲಿದ್ದಾನೆ. ಬರ್ನೆಟ್ ತಮ್ಮ ಮಕ್ಕಳಿಗೆ ಮಖಮಲ್ ಉಡುಪು ತೊಡಿಸುತ್ತಿದ್ದರು, ಕಿರಿಯ ಮಗ ವಿವಿಯನ್‌ನ ಛಾಯಾಚಿತ್ರವೇ ಕಥೆಗೆ ಚಿತ್ರ ಬರೆದ ರೆಜಿನಾಲ್ಡ್ ಬರ್ಚ್‌ಗೆ ಮಾದರಿಯಾಯಿತು. ನನ್ನ ಮಟ್ಟಿಗೆ ತಾಯಂದಿರ ಮನಸ್ಸು ಸೆಳೆದದ್ದು ಕಥೆಗಿಂತ ಬರ್ಚ್‌ನ ಚಿತ್ರಗಳು. ಮಾತಿನಲ್ಲಿ ಹೇಳಿದ ಉಡುಪನ್ನು ಯಾವ ದರ್ಜಿಯೂ ಹೊಲಿಯಲಾರ. 1888ರಲ್ಲಿ ಕಥೆ ರಂಗವನ್ನೇರಿದ ಮೇಲಂತೂ ಉಡುಪು ಕಣ್ಣೆದುರಿಗೇ ಬಂತು. ನ್ಯೂಯಾರ್ಕಿನಲ್ಲಿ ಆ ಹುಡುಗನ ಪಾತ್ರ ವಹಿಸಿದವಳು ಎಲ್ಸಿ ಲೆಸ್ಲಿ ಎಂಬ ಬಾಲಕಿ.

ನೂಲೆಳೆ:
ಎರಡನೆಯ ಪ್ರಶ್ನೆಗೆ ಉತ್ತರ ಯಂತ್ರದಲ್ಲಿದೆ. ಸೂಜಿಯಲ್ಲಿ ಹೆಣೆದ ವೆನಿಸ್ ಲೇಸು ಶ್ರೀಮಂತರಿಗಷ್ಟೇ ಎಟುಕುತ್ತಿತ್ತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಲೇಸ್ ಹೆಣೆಯುವ ಲೀವರ್ಸ್ ಯಂತ್ರಗಳು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲೇ ತೆಳು ಲೇಸನ್ನು ಅಗ್ಗವಾಗಿಸಿದ್ದವು. 1880ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಮತ್ತು ಜರ್ಮನಿಯ ಪ್ಲೌಯೆನ್‌ನಲ್ಲಿ ಇನ್ನೊಂದು ಉಪಾಯ ಹೊಳೆಯಿತು: ರೇಷ್ಮೆಬಟ್ಟೆಯ ಮೇಲೆ ಹತ್ತಿನೂಲಿನಿಂದ ಯಂತ್ರಕಸೂತಿ ಹಾಕಿ, ರಾಸಾಯನಿಕದಲ್ಲಿ ಅದ್ದಿದರೆ ರೇಷ್ಮೆ ಕರಗಿ ಕಸೂತಿಯಷ್ಟೇ ಉಳಿಯುತ್ತಿತ್ತು. ಅದು ನೋಡಲು ವೆನಿಸ್ ಲೇಸಿನಂತೆಯೇ ದಪ್ಪನಾಗಿ ಕಾಣುತ್ತಿತ್ತು. ಈ ಅಗ್ಗದ ಲೇಸೂ ಆ ಕಥೆಯೂ ಒಂದೇ ದಶಕದಲ್ಲಿ ಕೂಡಿಬಂದವು. ಕೊಳ್ಳಲಾಗದ ಮನೆಗಳಲ್ಲಿ ತಾಯಂದಿರು ಕ್ರೋಶಾ ಕಡ್ಡಿಯಿಂದಲೇ ಕಾಲರ್ ಹೆಣೆಯುತ್ತಿದ್ದರು.

ವಸ್ತ್ರಾಸಕ್ತ:
ಇಬ್ಬರಿಗೂ ಧನ್ಯವಾದ. ಆಟವಾಡುವ ಹುಡುಗನ ಕೊರಳಲ್ಲಿ ಬಿಳಿ ಲೇಸು ಎಷ್ಟು ಹೊತ್ತು ಬಿಳಿಯಾಗಿ ಉಳಿದೀತು?

ಕೈಹೊಲಿಗೆ:
ಅದಕ್ಕಾಗಿಯೇ ಕಾಲರನ್ನು ಕೋಟಿಗೆ ಗಟ್ಟಿಯಾಗಿ ಹೊಲಿಯುತ್ತಿರಲಿಲ್ಲ. ಮಖಮಲ್ಲನ್ನು ನೀರಿಗೆ ಹಾಕುವಂತಿಲ್ಲ, ಹಾಕಿದರೆ ಅದರ ನವಿರು ಕೆಡುತ್ತದೆ, ಲೇಸನ್ನಾದರೋ ಒಗೆಯಲೇಬೇಕು. ಆದ್ದರಿಂದ ಕಾಲರನ್ನೂ ತೋಳಿನ ಪಟ್ಟಿಗಳನ್ನೂ ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿ, ಕೊಳೆಯಾದಾಗ ಬಿಚ್ಚಿ ಒಗೆದು, ಗಂಜಿ ಹಾಕಿ ಇಸ್ತ್ರಿಮಾಡಿ ಮತ್ತೆ ಕೂಡಿಸುತ್ತಿದ್ದರು. ಇಷ್ಟಾದರೂ ಇದು ಹೆಚ್ಚಾಗಿ ಸಮಾರಂಭಗಳ, ಸ್ಟುಡಿಯೋದ ಉಡುಪು. ಛಾಯಾಚಿತ್ರಗಳಲ್ಲಿ ಕಂಡಷ್ಟು ಬೀದಿಯಲ್ಲಿ ಕಾಣುತ್ತಿದ್ದಿರಲಾರದು. ದಿನಬಳಕೆಗೆ ನಾವಿಕರ ಮಾದರಿಯ ಉಡುಪು ಆಗಲೇ ಇತ್ತು. 1902ರಲ್ಲಿ ‘ನ್ಯೂಯಾರ್ಕ್ ಹೆರಾಲ್ಡ್’ನ ವ್ಯಂಗ್ಯಚಿತ್ರಮಾಲೆಯಲ್ಲಿ ಬಸ್ಟರ್ ಬ್ರೌನ್ ಎಂಬ ಹುಡುಗ ಕಾಣಿಸಿಕೊಂಡ ಮೇಲೆ ಅವನ ದುಂಡನೆಯ, ಲೇಸಿಲ್ಲದ ಕಾಲರಿಗೆ ತಾಯಂದಿರು ಒಲಿದರು.