ಅರ್ಥವ್ಯವಸ್ಥೆಗಳ ಹೋಲಿಕೆ: ಬಾಯಿಪಾಠ ಬಿಡಿಸುವುದು ಹೇಗೆ?

ಪ್ರಶ್ನೆ
ಒಂಬತ್ತನೇ ತರಗತಿ, 40 ಮಕ್ಕಳು, 40 ನಿಮಿಷದ ಎರಡು ಪಿರಿಯಡ್. ಬಂಡವಾಳಶಾಹಿ, ಸಮಾಜವಾದಿ, ಮಿಶ್ರ ಅರ್ಥವ್ಯವಸ್ಥೆಗಳ ವ್ಯಾಖ್ಯೆಯನ್ನು ಗಟಗಟ ಒಪ್ಪಿಸುತ್ತಾರೆ. ವ್ಯತ್ಯಾಸ ಕೇಳಿದರೆ "ಅಲ್ಲಿ ಸ್ವಾತಂತ್ರ್ಯ ಇದೆ, ಇಲ್ಲಿ ಇಲ್ಲ" ಅನ್ನುತ್ತಾರೆ, ಅಷ್ಟೇ. ಪ್ರಾಜೆಕ್ಟರ್ ಇಲ್ಲ. ಏನು ಮಾಡಿಸಬಹುದು?

ಉತ್ತರ 1
ಕಾಗದದ ಪೊಟ್ಟಣ ಮಾಡಿಸಿ ಸರ್. ಐದೈದು ಮಕ್ಕಳ ಎಂಟು ಗುಂಪು. ಆಟ ಮೂರು ಸುತ್ತು. ಪ್ರತಿ ಸುತ್ತಿನಲ್ಲೂ ಗುಂಪಿಗೆ 4 ಹಾಳೆ ಹಳೇ ಪೇಪರ್, ಒಂದು ಗೋಂದು. ಒಂದೊಂದು ಸುತ್ತು 7 ನಿಮಿಷ.

ಮೊದಲ ಸುತ್ತು: "ಗುಂಪಿಗೆ 20 ಪೊಟ್ಟಣ" ಎಂದು ಆಜ್ಞೆ. ಹೆಬ್ಬೆರಳಷ್ಟು ಪೊಟ್ಟಣಗಳು ಬರುತ್ತವೆ. ಎರಡನೇ ಸುತ್ತಿನಲ್ಲಿ ಗುರಿಯನ್ನು ತೂಕದಲ್ಲಿ ಕೊಡಿ. ಆಗ ನಾಲ್ಕೂ ಹಾಳೆ ಸೇರಿಸಿ ಮಡಚಿದ ಒಂದೇ ದಪ್ಪ ಪೊಟ್ಟಣ! ಗುರಿ ಮುಟ್ಟಿತು, ಕಡಲೆಕಾಯಿ ಕಟ್ಟಲು ಬಾರದು. ಸೋವಿಯತ್ ಒಕ್ಕೂಟದಲ್ಲಿ 1928ರಿಂದ ನಡೆದ ಪಂಚವಾರ್ಷಿಕ ಯೋಜನೆಗಳ ತೊಡಕನ್ನು ಇಲ್ಲಿಂದಲೇ ವಿವರಿಸಬಹುದು: ಕಾರ್ಖಾನೆ ನೋಡುತ್ತಿದ್ದದ್ದು ಗುರಿಯನ್ನು, ಬಳಸುವವನನ್ನಲ್ಲ.

ಮೂರನೇ ಸುತ್ತು ಮಾರುಕಟ್ಟೆ. ಬೆಲೆ ಗುಂಪಿನದೇ. ಐವರು ಕೊಳ್ಳುವವರು, ಕೈಯಲ್ಲಿ ದುಡ್ಡಿನ ಬದಲು ಹುಣಸೆಬೀಜ.

ಉತ್ತರ 2
ಆ ಬೀಜಗಳನ್ನು ಸಮನಾಗಿ ಹಂಚಬೇಡಿ. ಹಂಚಿದರೆ ಪಾಠ ಅರ್ಧವಾಗುತ್ತದೆ. 10, 10, 5, 2, 2 ಕೊಡಿ. ಪೊಟ್ಟಣ ಚೆನ್ನಾಗಿ ಬರುತ್ತದೆ, ಆದರೆ ಎರಡು ಬೀಜದವರು ಬರಿಗೈ. "ಯಾರಿಗಾಗಿ ಉತ್ಪಾದನೆ?" ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಇದನ್ನು ಬಿಟ್ಟರೆ ಮಾರುಕಟ್ಟೆಯೇ ಗೆದ್ದಿತೆಂದು ಮಕ್ಕಳು ಮನೆಗೆ ಹೋಗುತ್ತಾರೆ, ಅದು ಅನ್ಯಾಯ. ಇನ್ನೊಂದು, ಕೊಳ್ಳುವವರು ಗೆಳೆಯರ ಗುಂಪಿಗೇ ಬೀಜ ಸುರಿಯುತ್ತಾರೆ; ಪೊಟ್ಟಣಕ್ಕೆ ಗುಂಪಿನ ಹೆಸರು ಬರೆಸದೆ ಮೇಜಿನ ಮೇಲೆ ಬೆಲೆಚೀಟಿಯೊಂದಿಗೆ ಇಡಿಸಿ.

ಉತ್ತರ 3
ಎರಡನೇ ಪಿರಿಯಡ್ ಪೂರ್ತಿ ಬೋರ್ಡಿಗೆ. ಒಡೆತನ ಯಾರದು, ಬೆಲೆ ಯಾರು ಕಟ್ಟುತ್ತಾರೆ, ಯಾರಿಗೆ ಸಿಗುತ್ತದೆ ಎಂಬ ಮೂರು ಕಂಬಸಾಲು ಸಾಕು. ರೇಷನ್ ಅಂಗಡಿಯ ಅಕ್ಕಿ, ಕಿರಾಣಿ ಅಂಗಡಿಯ ಅಕ್ಕಿ, ನಂದಿನಿ ಹಾಲು ಮೂರನ್ನೂ ತುಂಬಿಸಿ. ಹಾಲಿನ ಸಾಲಿನಲ್ಲಿ ಮಕ್ಕಳು ತಡವರಿಸಲಿ. ಹಳ್ಳಿಯ ಹಾಲು ಸಹಕಾರ ಸಂಘದ ಒಡೆಯರು ಸರ್ಕಾರವೂ ಅಲ್ಲ, ಸಾಹುಕಾರರೂ ಅಲ್ಲ, ಹಾಲು ಹಾಕುವ ಸದಸ್ಯರೇ.

ದೇಶಕ್ಕೆ ಒಂದೇ ಹಣೆಪಟ್ಟಿ ಹಚ್ಚಬೇಡಿ, ವರ್ಷ ಬರೆಸಿ. ಭಾರತದಲ್ಲಿ 1956ರ ಕೈಗಾರಿಕಾ ನೀತಿ 17 ಉದ್ದಿಮೆಗಳನ್ನು ಸರ್ಕಾರಕ್ಕೆ ಕಾದಿಟ್ಟಿತ್ತು, 1991ರಲ್ಲಿ ಅದು 8ಕ್ಕೆ ಇಳಿಯಿತು. ಚೀನಾ 1978ರ ನಂತರ ಹಂತಹಂತವಾಗಿ ಮಾರುಕಟ್ಟೆಗೆ ಬಾಗಿಲು ತೆರೆಯಿತು, ಆಳುವ ಪಕ್ಷ ಮಾತ್ರ ಅದೇ ಕಮ್ಯುನಿಸ್ಟ್ ಪಕ್ಷ. "ಸ್ವಾತಂತ್ರ್ಯ ಇದೆ, ಇಲ್ಲ" ಎಂಬ ಉತ್ತರ ಅಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು
ಶಾಲೆಯಲ್ಲಿ ತಕ್ಕಡಿ ಇಲ್ಲ. ಎರಡನೇ ಸುತ್ತಿಗೆ ಏನು ಮಾಡಲಿ?

ಉತ್ತರ 1
ಸ್ಕೇಲಿನ ನಡುವೆ ದಾರ ಕಟ್ಟಿ ತೂಗುಬಿಡಿ. ಒಂದು ತುದಿಗೆ ಮೂರು ಹಾಳೆಯ ಉಂಡೆ, ಇನ್ನೊಂದಕ್ಕೆ ಗುಂಪಿನ ಪೊಟ್ಟಣಗಳು. ಉಂಡೆ ಮೇಲೆದ್ದರೆ ಗುರಿ ಮುಟ್ಟಿದ ಲೆಕ್ಕ.