ಪೋರ್ಕ್ಯುಪೈನ್ ಮೌಂಟನ್ಸ್‌ನಲ್ಲಿ ಟೆಂಟ್ ಹಾಕಿ ಉಳಿದವರು ಅನುಭವ ತಿಳಿಸುವಿರಾ?

ಪ್ರಶ್ನೆ: ಡೆಟ್ರಾಯಿಟ್ ಸಮೀಪದಲ್ಲಿರುವ ನಾವು ಬರುವ ಬೇಸಿಗೆಯಲ್ಲಿ ಮಿಶಿಗನ್ನಿನ ಅಪ್ಪರ್ ಪೆನಿನ್ಸುಲಾದಲ್ಲಿ, ಸುಪೀರಿಯರ್ ಸರೋವರದ ದಂಡೆಯಲ್ಲಿರುವ ಪೋರ್ಕ್ಯುಪೈನ್ ಮೌಂಟನ್ಸ್ ಸ್ಟೇಟ್ ಪಾರ್ಕಿಗೆ ಹೋಗಬೇಕೆಂದಿದ್ದೇವೆ. ಜೊತೆಯಲ್ಲಿ ಇಬ್ಬರು ಶಾಲಾ ಮಕ್ಕಳೂ ಹಾಸನದಿಂದ ಬರಲಿರುವ ಅತ್ತೆ ಮಾವನವರೂ ಇರುತ್ತಾರೆ. ಕಾಡಿನೊಳಗೆ ನಡೆದುಹೋಗಿ ಒಂದು ರಾತ್ರಿ ಕಳೆಯಬೇಕೆಂಬ ಆಸೆ ನಮ್ಮ ಮನೆಯವರದು. ಎಲ್ಲಿ ತಂಗಬೇಕು, ಯಾವ ತಿಂಗಳು ಒಳ್ಳೆಯದು, ಊಟದ ವ್ಯವಸ್ಥೆ ಹೇಗೆ ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ನಮಸ್ಕಾರ ಮೇಡಂ. ಮೊದಲು ದಾರಿಯ ವಿಷಯ. ಡೆಟ್ರಾಯಿಟ್‌ನಿಂದ ಅಲ್ಲಿಗೆ ಸುಮಾರು ಹತ್ತು ಗಂಟೆಯ ಪ್ರಯಾಣ. ಮ್ಯಾಕಿನಾ ಸೇತುವೆ ದಾಟಿದೊಡನೆ ಬಂದೇಬಿಟ್ಟೆವು ಎಂದು ಮಕ್ಕಳು ಕುಣಿದಾಡುತ್ತಾರೆ, ಆದರೆ ಅಲ್ಲಿಂದ ಮುಂದೆಯೂ ಐದು ಗಂಟೆಯಷ್ಟು ದಾರಿ ಉಳಿದಿರುತ್ತದೆ. ಹಿರಿಯರಿರುವುದರಿಂದ ದಾರಿಯಲ್ಲೊಂದು ರಾತ್ರಿ ಉಳಿದು ಹೊರಡುವುದು ಲೇಸು, ಏಕೆಂದರೆ ಸಂಜೆಯ ಮೇಲೆ ಆ ರಸ್ತೆಗಳಲ್ಲಿ ಜಿಂಕೆಗಳು ಅಡ್ಡ ಬರುತ್ತವೆ. ದಿನಸಿ, ಔಷಧಿಗಳನ್ನು ದೊಡ್ಡ ಊರುಗಳಲ್ಲೇ ತೆಗೆದುಕೊಳ್ಳಿ. ಪಾರ್ಕಿನ ಪೂರ್ವದ ಬಾಗಿಲಿನಲ್ಲಿರುವ ಸಿಲ್ವರ್ ಸಿಟಿಯ ಹೆಸರಿನಲ್ಲಿ ಮಾತ್ರ ಸಿಟಿ ಇದೆ.

ನಿಮ್ಮ ಕುಟುಂಬಕ್ಕೆ ಯೂನಿಯನ್ ಬೇ ಶಿಬಿರತಾಣವೇ ಸರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅಲ್ಲಿ ವಿದ್ಯುತ್ ಸಂಪರ್ಕ, ಶೌಚಾಲಯ, ಬಿಸಿನೀರಿನ ಸ್ನಾನದ ಮನೆ ಎಲ್ಲವೂ ಇದ್ದು, ಎದುರಿಗೇ ಸರೋವರದ ಬಂಡೆಗಲ್ಲಿನ ದಂಡೆ ಸಿಗುತ್ತದೆ. ಪಶ್ಚಿಮದ ತುದಿಯಲ್ಲಿರುವ ಪ್ರೆಸ್ಕ್ ಐಲ್ ತಾಣ ಇದಕ್ಕಿಂತ ನಿಶ್ಶಬ್ದವಾಗಿದೆ, ಆದರೆ ಅಲ್ಲಿ ವಿದ್ಯುತ್ ಇಲ್ಲ, ಶೌಚಾಲಯವೂ ನೀರಿಲ್ಲದ ಗುಂಡಿಯ ಮಾದರಿಯದು. ರಾತ್ರಿ ಎರಡು ಬಾರಿ ಏಳಬೇಕಾದ ಹಿರಿಯರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಜಾಗವನ್ನು ಆರು ತಿಂಗಳ ಮೊದಲೇ ಕಾದಿರಿಸಬಹುದು. ಬೇಸಿಗೆಯ ವಾರಾಂತ್ಯಗಳಿಗಾದರೆ ಕಾದಿರಿಸುವ ಅವಕಾಶ ತೆರೆಯುವ ದಿನವೇ ಪ್ರಯತ್ನಿಸುವುದು ಒಳ್ಳೆಯದು. ಕಾರಿಗೆ ರಿಕ್ರಿಯೇಷನ್ ಪಾಸ್‌ಪೋರ್ಟ್ ಎಂಬ ಪಾರ್ಕ್ ಪ್ರವೇಶದ ಪಾಸ್ ಬೇಕು, ಮಿಶಿಗನ್ ನಂಬರ್ ಪ್ಲೇಟಿನವರು ಅದನ್ನು ನೋಂದಣಿ ನವೀಕರಿಸುವಾಗಲೇ ಪಡೆಯಬಹುದು.

ಅತ್ತೆ ಮಾವನವರಿಗಾಗಿ ಲೇಕ್ ಆಫ್ ದಿ ಕ್ಲೌಡ್ಸ್ ಇದೆ. ಕಾರು ನಿಲ್ಲಿಸಿ ಸ್ವಲ್ಪವೇ ನಡೆದರೆ ವೀಕ್ಷಣಾ ಸ್ಥಳ ಸಿಗುತ್ತದೆ, ಕೆಳಗೆ ಕಾಡಿನ ನಡುವೆ ಸರೋವರ ನೀಳವಾಗಿ ಮಲಗಿರುತ್ತದೆ. ನೀವಿಬ್ಬರೂ ಮಕ್ಕಳೂ ಅದೇ ಏಣಿನ ಮೇಲೆ ಸಾಗುವ ಎಸ್ಕಾರ್ಪ್‌ಮೆಂಟ್ ಟ್ರೈಲನ್ನು ಹಿಡಿಯಿರಿ. ಒಟ್ಟು ನಾಲ್ಕು ಮೈಲಿಯಷ್ಟಿರುವ ಆ ದಾರಿಯನ್ನು ಪೂರ್ತಿ ಮುಗಿಸಲೇಬೇಕೆಂದಿಲ್ಲ, ಸಾಕೆನಿಸಿದಲ್ಲಿ ಹಿಂದಿರುಗಬಹುದು. ಏರಿನಲ್ಲಿ ಇದು ಕುಮಾರಪರ್ವತಕ್ಕೆ ಏನೇನೂ ಸಾಟಿಯಲ್ಲ, ಆದರೂ ಕಾಡಿನೊಳಗಿನ ದಾರಿಗಳಲ್ಲಿ ಮರದ ಬೇರು, ಕೆಸರು ತುಂಬಿರುವುದರಿಂದ ಕಣಕಾಲು ಮುಚ್ಚುವ ಬೂಟು ಅಗತ್ಯ. ಹೆಮ್ಲಾಕ್, ಶುಗರ್ ಮೇಪಲ್, ಹಳದಿ ಬರ್ಚ್ ಮರಗಳ ಈ ಹಳೆಯ ಕಾಡು ಕೊಡಲಿಗೆ ಬಲಿಯಾಗದಿರಲೆಂದೇ 1945ರಲ್ಲಿ ಪಾರ್ಕನ್ನು ಸ್ಥಾಪಿಸಿದರು. ಇಂದು ಸುಮಾರು 60,000 ಎಕರೆಯಿರುವ ಅದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಎಂದೂ ಕಡಿಯದ ಕಾಡು.

ನಿಮ್ಮ ಮನೆಯವರ ಆಸೆಗೆ ಅಡ್ಡಿಯಿಲ್ಲ, ಆದರೆ ಒಳಕಾಡಿನ ತಾಣಗಳನ್ನೂ ಮುಂಚಿತವಾಗಿ ಕಾದಿರಿಸಬೇಕು. ಒಬ್ಬರು ಹಿರಿಯರೊಂದಿಗೆ ಯೂನಿಯನ್ ಬೇಯಲ್ಲಿದ್ದು, ಇನ್ನೊಬ್ಬರು ದೊಡ್ಡ ಮಗುವನ್ನು ಕರೆದುಕೊಂಡು ಹತ್ತಿರದ ತಾಣಕ್ಕೆ ಒಂದು ರಾತ್ರಿಗೆ ಹೋಗಿ ಬರುವುದು ಎಲ್ಲರಿಗೂ ಹಿತ. ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲವಾದ್ದರಿಂದ ವಿಸಿಟರ್ ಸೆಂಟರ್‌ನಲ್ಲಿ ಕಾಗದದ ನಕ್ಷೆ ಕೊಂಡು, ಹಿಂತಿರುಗುವ ಹೊತ್ತನ್ನು ಬರೆದಿಟ್ಟು ಹೋಗಲಿ. ಪಾರ್ಕು ಎರಡು ಕೌಂಟಿಗಳಲ್ಲಿ ಹರಡಿದೆ: ಯೂನಿಯನ್ ಬೇ ಇರುವ ಆಂಟನಾಗನ್‌ನಲ್ಲಿ ನಿಮ್ಮೂರಿನ ಸಮಯವೇ ನಡೆಯುತ್ತದೆ, ಪ್ರೆಸ್ಕ್ ಐಲ್ ಇರುವ ಗೊಜೀಬಿಕ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಎರಡು ಗುಂಪಾಗಿ ಹೋಗಿ ಇಂಥ ಹೊತ್ತಿಗೆ ಸೇರೋಣ ಎನ್ನುವಾಗ ಯಾವ ಸಮಯ ಎಂಬುದನ್ನೂ ಹೇಳಿಕೊಳ್ಳಿ.

ಎರಡನೆಯ ಉತ್ತರ: ಮೇಲೆ ಬರೆದವರು ನೀರಿನ ಮಾತನ್ನೂ ಹುಳುಗಳ ಮಾತನ್ನೂ ಬಿಟ್ಟಿದ್ದಾರೆ. ಸುಪೀರಿಯರ್ ಜುಲೈನಲ್ಲಿಯೂ ಕೈಕಾಲು ಮರಗಟ್ಟಿಸುವಷ್ಟು ತಣ್ಣಗಿರಬಲ್ಲದು, ಗಾಳಿ ತಿರುಗಿದರೆ ಅಲೆಗಳು ಏಳಲು ಹೆಚ್ಚು ಹೊತ್ತು ಬೇಡ. ಮಕ್ಕಳು ದಂಡೆಯಲ್ಲಿ ಕಲ್ಲು ಆರಿಸಿಕೊಂಡು ಆಡಲಿ, ನೀರಿಗಿಳಿಯುವುದಾದರೆ ಲೈಫ್ ಜಾಕೆಟ್ ತೊಡಿಸಿ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರ ಇರಲೇಬೇಕು. ಪ್ರೆಸ್ಕ್ ಐಲ್ ನದಿಯ ಮನಬೇಜೋ, ಮನಿಡೋ, ನವಾಡಾಹಾ ಜಲಪಾತಗಳನ್ನು ತಪ್ಪದೆ ನೋಡಿ, ಆದರೆ ಸುಳಿಗಳು ಕೊರೆದ ಗುಂಡಿಗಳಿರುವ ಆ ನುಣುಪು ಕಲ್ಲುಗಳ ಮೇಲೆ ಇಳಿಯಗೊಡಬೇಡಿ.

ಮೇ ಕೊನೆಯಿಂದ ಜೂನ್‌ವರೆಗೆ ಕಪ್ಪು ನೊಣಗಳ ಕಾಟ, ಆಮೇಲೆ ಸೊಳ್ಳೆಗಳ ಸರದಿ. ದಕ್ಷಿಣದಿಂದ ಗಾಳಿ ಬೀಸುವ ದಿನ ದಂಡೆಯಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ನೊಣ ಸಾಕ್ಸಿನ ಮೇಲಿಂದಲೇ ಕಾಲು ಕಚ್ಚುತ್ತದೆ. ಹಾಗಾಗಿ ಶಾಲೆ ತೆರೆಯುವ ಮುನ್ನ, ಆಗಸ್ಟ್ ಎರಡನೆಯ ಅರ್ಧವನ್ನು ನಾನು ಸೂಚಿಸುತ್ತೇನೆ. ಎಲೆಗಳ ಬಣ್ಣಕ್ಕಾಗಿ ಸೆಪ್ಟೆಂಬರ್ ಕೊನೆಗೆ ಹೋಗುವವರು ಬಹಳ. ಆಗ ರಾತ್ರಿಯ ಚಳಿಯನ್ನು ಹಾಸನದಿಂದ ಬಂದವರು ಟೆಂಟಿನಲ್ಲಿ ತಡೆದಾರೆಂದು ನನಗನಿಸುವುದಿಲ್ಲ. ಆಗಸ್ಟಿಗೂ ಅವರಿಬ್ಬರಿಗೆ ದಪ್ಪ ಮ್ಯಾಟ್, ಉಣ್ಣೆ ಟೊಪ್ಪಿ, ಹೆಚ್ಚುವರಿ ಕಂಬಳಿ ಇರಲಿ. ಸೌದೆಯನ್ನು ಮನೆಯಿಂದ ಒಯ್ಯದೆ ಅಲ್ಲಿಯೇ ಕೊಳ್ಳಿ. ಆ್ಯಶ್ (ash) ಎಂಬ ಜಾತಿಯ ಮರಗಳನ್ನು ಕೊಲ್ಲುವ ಹಸಿರು ಜೀರುಂಡೆ 2002ರಲ್ಲಿ ಪತ್ತೆಯಾದದ್ದು ನಿಮ್ಮ ಡೆಟ್ರಾಯಿಟ್ ಭಾಗದಲ್ಲೇ, ಅದು ಹರಡಿದ್ದರಲ್ಲಿ ಹೀಗೆ ಸಾಗಿಸಿದ ಸೌದೆಯ ಪಾಲು ದೊಡ್ಡದು.

ಮೂರನೆಯ ಉತ್ತರ: ಊಟದ ಬಗ್ಗೆ ನಾನು ಬರೆಯುತ್ತೇನೆ. ಹುರಿದ ರವೆಗೆ ಒಗ್ಗರಣೆ ಸೇರಿಸಿ ಮನೆಯಲ್ಲೇ ಡಬ್ಬಿ ಕಟ್ಟಿಕೊಂಡರೆ ಅಲ್ಲಿ ನೀರು ಕುದಿಸುವಷ್ಟೇ ಕೆಲಸ. ಗೊಜ್ಜವಲಕ್ಕಿಗೆ ಅದೂ ಬೇಡ. ಚಟ್ನಿಪುಡಿ, ತುಪ್ಪ, ಮಾವಿನಕಾಯಿ ಉಪ್ಪಿನಕಾಯಿ ಖಂಡಿತ ಒಯ್ಯಿರಿ, ಆದರೆ ಅಲ್ಲಿ ಕಪ್ಪು ಕರಡಿಗಳಿವೆ ಎಂಬುದು ನೆನಪಿರಲಿ. ಯೂನಿಯನ್ ಬೇಯಲ್ಲಿ ರಾತ್ರಿ ಎಲ್ಲ ತಿನಿಸೂ ಕಾರಿನೊಳಗೆ ಸೇರಬೇಕು, ಒಳಕಾಡಿನಲ್ಲಿ ಆಹಾರದ ಚೀಲ ತೂಗುಹಾಕಲು ಕಂಬಗಳಿರುತ್ತವೆ. ಸೋಪು, ಟೂತ್‌ಪೇಸ್ಟ್, ಮಾವನವರ ಎಲೆಯಡಿಕೆ ಚೀಲ ಇವುಗಳೂ ಟೆಂಟಿನಲ್ಲಿ ಇರಕೂಡದು. ಒಳಕಾಡಿಗೆ ಹೋಗುವವರು ತೊರೆಯ ನೀರನ್ನು ಸೋಸಿಯೋ ಕುದಿಸಿಯೋ ಕುಡಿಯಬೇಕು. ಇನ್ನೊಂದು, ಪಾರ್ಕಿಗೆ ಹೆಸರು ಕೊಟ್ಟ ಮುಳ್ಳುಹಂದಿಗೆ ಉಪ್ಪಿನ ಚಪಲ. ಬೆವರು ಹೀರಿದ ಬೂಟುಗಳನ್ನು ರಾತ್ರಿ ಹೊರಗೆ ಬಿಟ್ಟರೆ ಅವು ಕಚ್ಚಿ ಹಾಳುಮಾಡಬಹುದು. ಮಲಗುವ ಮೊದಲು ಅವನ್ನೂ ಕಾರಿಗೇ ಹಾಕಿ.